ಸುಲ್ತಾನನ ಪುಸ್ತಕದ ಬುಟ್ಟಿಗಳು

ಬೋಳೂರಿನ ಸುಲ್ತಾನ್ ಬತ್ತೇರಿಯ ಮೆಟ್ಟಿಲು ಹತ್ತಿದವರು ಮೊದಲು ಮಾಡುವ ಕೆಲಸ ಕೋವಿಕಿಂಡಿಗೆ ಕಣ್ಣಿಟ್ಟು ಹೊಳೆಯತ್ತ ನೋಡುವುದು. ಕೆಳಗೆ ಫಲ್ಗುಣಿ, ಆಚೆ ದಡದಲ್ಲಿ ತಣ್ಣೀರುಬಾವಿಯ ಮರಗಳು, ನಡುವೆ ಜನರನ್ನು ದಾಟಿಸುವ ದೋಣಿ. ಅಡಿಯಲ್ಲಿರುವ ಕತ್ತಲಕೋಣೆ ಮದ್ದು ಇಡುತ್ತಿದ್ದ ಜಾಗವಂತೆ. ಮಕ್ಕಳು ಅಲ್ಲಿ ಬಗ್ಗಿ ಕೂಗಿ ತಮ್ಮದೇ ದನಿ ಮರಳಿ ಬರುವುದನ್ನು ಕೇಳುತ್ತಾರೆ. ಆಮೇಲೆ ಎಲ್ಲರೂ ಫೋಟೋ ತೆಗೆಸಿಕೊಂಡು ಚುರುಮುರಿ ತಿನ್ನಲು ಹೊರಡುತ್ತಾರೆ.

ಮಂಗಳೂರಿನವರಿಗೆ ಟಿಪ್ಪು ಸುಲ್ತಾನ್ ಎಂದರೆ ಬಹುಮಟ್ಟಿಗೆ ಇಂಥ ಕಲ್ಲುಗಳೇ. ಇಲ್ಲೊಂದು ಬತ್ತೇರಿ, ಬೆಳ್ತಂಗಡಿಯ ಕಡೆ ಹೋದರೆ ಗಡಾಯಿಕಲ್ಲಿನ ನೆತ್ತಿಯ ಮೇಲೊಂದು ಕೋಟೆ. ಜೊತೆಗೆ ಎರಡು ನೆನಪುಗಳಿವೆ. ಒಂದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ. ಎಂಟು ತಿಂಗಳ ಮುತ್ತಿಗೆಯಲ್ಲಿ ಹಸಿದು ಸೋತ ಕರ್ನಲ್ ಕ್ಯಾಂಪ್‌ಬೆಲ್‌ನ ದಂಡು ಕೋಟೆ ಬಿಟ್ಟುಕೊಟ್ಟ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಮೂವರು ಕಮಿಷನರುಗಳು ಇಲ್ಲಿಗೇ ಬಂದು ಸಹಿ ಹಾಕಿದ್ದು. ಇನ್ನೊಂದು ಅದೇ ವರ್ಷದ ಫೆಬ್ರವರಿಯಲ್ಲಿ ಕೆನರಾದ ಕ್ರೈಸ್ತರನ್ನು ಮನೆಮಾರು ಬಿಡಿಸಿ ಸಾವಿರಗಟ್ಟಲೆಯಲ್ಲಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಸೆರೆ. ಮಿಲಾಗ್ರಿಸ್ ಇಗರ್ಜಿ ಕೆಡವಲ್ಪಟ್ಟದ್ದೂ ಆ ವರ್ಷವೇ. ಈ ಎರಡೂ ನೆನಪುಗಳನ್ನು ಒಂದೇ ಊರು ಹೊತ್ತುಕೊಂಡಿರುವುದರಿಂದಲೇ ನವೆಂಬರ್ ಬಂತೆಂದರೆ ನಮ್ಮಲ್ಲಿ ಟಿಪ್ಪುವಿನ ಹೆಸರಿನಲ್ಲಿ ಮಾತು ಬಿಸಿಯಾಗುತ್ತದೆ.

ಆ ಜಗಳದಲ್ಲಿ ಯಾವ ಕಡೆಯವರೂ ಮುಟ್ಟದ ಸಂಗತಿಯೊಂದಿದೆ: ಅವನ ಪುಸ್ತಕಗಳು.

ಅವು ಹೇಗಿದ್ದವು ಎಂಬುದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಡೇವಿಡ್ ಪ್ರೈಸ್ ಎಂಬ ಕಂಪನಿ ಸೈನ್ಯದ ಅಧಿಕಾರಿ. 1791ರ ಧಾರವಾಡ ಮುತ್ತಿಗೆಯಲ್ಲಿ ಒಂದು ಕಾಲು ಕಳೆದುಕೊಂಡವನು, ಪರ್ಷಿಯನ್ ಬಲ್ಲವನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಕೋಟೆಯೊಳಗೇ ಹೋರಾಡಿ ಸತ್ತ ಮೇಲೆ, ಲೂಟಿಯ ಮಾಲನ್ನು ಎಣಿಸಿ ಸೈನ್ಯಕ್ಕೆ ಹಂಚಲು ನೇಮಿಸಿದ ಅಧಿಕಾರಿಗಳಲ್ಲಿ ಅವನೂ ಒಬ್ಬ. ಅರಮನೆಯ ಮೇಲಂತಸ್ತಿನ ಮೂಲೆಯಲ್ಲಿ ಒಂದು ಕತ್ತಲ ಕೋಣೆಯಿತ್ತು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಸಾಲುಸಾಲು ಕಪಾಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಅವನಿಗೆ ಅಲ್ಲಿ ಕಂಡದ್ದು ತೊಗಲು ಹೊದಿಸಿದ ದೊಡ್ಡ ದೊಡ್ಡ ಬುಟ್ಟಿಗಳು. ಪುಸ್ತಕಗಳೆಲ್ಲ ಅವುಗಳೊಳಗೆ ರಾಶಿ. ಒಂದೇ ಒಂದು ಪುಸ್ತಕ ಬೇಕೆಂದರೂ ಇಡೀ ಬುಟ್ಟಿಯನ್ನು ನೆಲಕ್ಕೆ ಸುರಿಯಬೇಕು.

ಪ್ರೈಸ್ ಇದನ್ನು ಹೀಗಳೆಯುವ ದನಿಯಲ್ಲಿಯೇ ಹೇಳಿದ್ದಾನೆ. ಓದುವಾಗ ನನಗೆ ಮಾತ್ರ ನಮ್ಮ ಕರಾವಳಿಯ ಹಳೆಯ ಮನೆಗಳ ಅಟ್ಟ ನೆನಪಾಗುತ್ತದೆ. ಜೂನ್ ಬಂತೆಂದರೆ ಗೋಡೆಗೆ ತಾಗಿಸಿದ್ದಕ್ಕೆಲ್ಲ ಬೂಸ್ಟು, ನೆಲಕ್ಕೆ ತಾಗಿಸಿದ್ದಕ್ಕೆಲ್ಲ ಒರಲೆ. ನನ್ನ ಅಜ್ಜನ ಪುಸ್ತಕಗಳು ತಗಡಿನ ಟ್ರಂಕಿನಲ್ಲಿ ನುಸಿಗುಳಿಗೆಯೊಂದಿಗೆ ಮಲಗಿರುತ್ತಿದ್ದವು. ಯಾವುದಾದರೂ ಬೇಕಾದರೆ ಎಲ್ಲವನ್ನೂ ಹೊರಗೆ ತೆಗೆಯಲೇಬೇಕು. ಯುದ್ಧಕ್ಕೆಂದು ವರ್ಷದಲ್ಲಿ ಅರ್ಧ ಕಾಲ ಡೇರೆಯಲ್ಲಿ ಕಳೆಯುವ ದೊರೆಗೆ ಎತ್ತಿನ ಮೇಲೋ ಆನೆಯ ಮೇಲೋ ಹೇರಬಹುದಾದ ಬುಟ್ಟಿಗಿಂತ ಒಳ್ಳೆಯ ಕಪಾಟು ಯಾವುದಿತ್ತು? ಇದು ನನ್ನ ಊಹೆ ಅಷ್ಟೆ. ಆದರೂ ಬೋಡ್ಲಿಯನ್ನಿನ ಅಳತೆಗೋಲನ್ನು ಕಾವೇರಿ ದಡಕ್ಕೆ ತಂದ ಪ್ರೈಸ್‌ನ ತೀರ್ಪಿಗಿಂತ ಇದು ಹೆಚ್ಚು ದೂರದ್ದೇನಲ್ಲ.

ಬುಟ್ಟಿಗಳಲ್ಲಿ ಏನೇನಿತ್ತು ಎಂಬುದಕ್ಕೆ ಅಚ್ಚಾದ ಪಟ್ಟಿಯಿದೆ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪರ್ಷಿಯನ್ ಕಲಿಸುತ್ತಿದ್ದ ಚಾರ್ಲ್ಸ್ ಸ್ಟುವರ್ಟ್ ಅದನ್ನು ಸಿದ್ಧಪಡಿಸಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಕಟಿಸಿದ. ಸುಮಾರು 2000 ಸಂಪುಟಗಳು, ಹೆಚ್ಚಿನವು ಅರಬ್ಬಿ ಮತ್ತು ಪರ್ಷಿಯನ್ ಹಸ್ತಪ್ರತಿಗಳು. ಅವನು ವಿಷಯವಾರು ಎಣಿಸಿದ್ದಾನೆ. ಕುರಾನ್ ಪ್ರತಿಗಳು 44, ಅದರ ವ್ಯಾಖ್ಯಾನಗಳು 41, ನ್ಯಾಯಶಾಸ್ತ್ರ 95, ಸೂಫಿ ಗ್ರಂಥಗಳು 115, ಇತಿಹಾಸ 118, ವೈದ್ಯ 62, ತತ್ವಶಾಸ್ತ್ರ 54, ಖಗೋಳ 20, ಗಣಿತ ಬರೀ 7. ಎಲ್ಲಕ್ಕಿಂತ ದೊಡ್ಡ ವಿಭಾಗ ಯಾವುದು ಗೊತ್ತೇ? ಕಾವ್ಯ, 190. ಅದರ ಮೇಲೆ ಹಿಂದಿ ಮತ್ತು ದಖ್ಖನಿ ಕಾವ್ಯ ಬೇರೆ, 23. ಬತ್ತೇರಿಯ ಕೋವಿಕಿಂಡಿಯಿಂದ ನೋಡಿದರೆ ಕಾಣುವ ಮನುಷ್ಯನ ಮನೆಯಲ್ಲಿ ಮದ್ದುಗುಂಡಿನ ಶಾಸ್ತ್ರಕ್ಕಿಂತ ಕವಿತೆ ಎಷ್ಟೋ ಪಾಲು ಹೆಚ್ಚಿತ್ತು.

ಆದರೆ ಪಟ್ಟಿಯಲ್ಲಿರುವುದೆಲ್ಲ ಒಡೆಯನ ಅಭಿರುಚಿ ಎಂದುಕೊಳ್ಳುವಂತಿಲ್ಲ. ಏಕೆಂದರೆ ಈ ಪುಸ್ತಕಗಳಲ್ಲಿ ಕೊಂಡು ತಂದವು ತೀರ ಕಡಿಮೆ ಎಂದು ಸ್ಟುವರ್ಟ್ ಹೇಳುತ್ತಾನೆ. ಅಪ್ಪ ಹೈದರ್ ಅಲಿ ಮತ್ತು ಮಗ ಟಿಪ್ಪು ಸವಣೂರು, ಕಡಪ, ಆರ್ಕಾಟ್ ಸೀಮೆಗಳನ್ನು ಗೆದ್ದಾಗ ಒಡವೆ, ಕುದುರೆ, ತೋಪುಗಳ ಜೊತೆಗೆ ಬಂದವು ಅವು. ದೊಡ್ಡ ಪಾಲು ಆರ್ಕಾಟ್ ನವಾಬ ಮುಹಮ್ಮದ್ ಅಲಿಯ ತಮ್ಮ ಅಬ್ದುಲ್ ವಹಾಬ್ ಖಾನನದು. 1780ರಲ್ಲಿ ಹೈದರನು ಚಿತ್ತೂರನ್ನು ಹಿಡಿದಾಗ ಅವನ ಸಂಗ್ರಹ ಮೈಸೂರಿನ ಪಾಲಾಯಿತು. ಇನ್ನು ಕೆಲವು ಅದಕ್ಕೂ ಹಿಂದೆ ಬಿಜಾಪುರ, ಗೋಲ್ಕೊಂಡಗಳ ಸುಲ್ತಾನರ ಸ್ವತ್ತಾಗಿದ್ದವು. ಆ ರಾಜ್ಯಗಳನ್ನು ಔರಂಗಜೇಬ ನುಂಗಿದ್ದು 1686-87ರಲ್ಲಿ. ಅಂದರೆ ಬುಟ್ಟಿಯೊಳಗಿನ ಕೆಲವು ಹೊತ್ತಿಗೆಗಳು ಎರಡು ಮೂರು ಸೋಲುಗಳನ್ನು ಕಂಡಂಥವು.

ಸ್ಟುವರ್ಟನ ಈ ಮಾತನ್ನು ಹಾಗೆಯೇ ನುಂಗಬೇಕಾಗಿಲ್ಲ. ಕದ್ದ ಮಾಲು ಎಂದು ತೋರಿಸಿಬಿಟ್ಟರೆ ಅದನ್ನು ಮತ್ತೆ ಕದ್ದವನ ಮನಸ್ಸು ಹಗುರವಾಗುತ್ತದೆ. ಅವನು ಕಂಪನಿಯ ಸಂಬಳದವನು. ಆದರೂ ಬಹುಮಟ್ಟಿಗೆ ಇದು ನಿಜವಿರಬೇಕು. ಆ ಕಾಲದಲ್ಲಿ ಅರಸರ ಗ್ರಂಥಭಂಡಾರಗಳು ಬೆಳೆದದ್ದೇ ಹೀಗೆ, ಮೊಘಲರದ್ದೂ ಸೇರಿದಂತೆ. ಕೇಳಬೇಕಾದ ಪ್ರಶ್ನೆ ಬೇರೆ: ಲೂಟಿಯಲ್ಲಿ ಬಂದ ಪುಸ್ತಕಗಳನ್ನು ಟಿಪ್ಪು ಏನು ಮಾಡಿದ?

ಮೊದಲನೆಯದಾಗಿ, ರಟ್ಟು ಕಟ್ಟಿಸಿದ. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ತೊಗಲಿನ ರಟ್ಟು ಹೊದಿಸಿದ ಪುಸ್ತಕಗಳಿಗೆಲ್ಲ ಒಂದೇ ಮುದ್ರೆ. ನಡುವಿನ ಪದಕದಲ್ಲಿ ದೇವರ ಹೆಸರು, ಪ್ರವಾದಿ ಮುಹಮ್ಮದರ ಹೆಸರು, ಅವರ ಮಗಳು ಫಾತಿಮಾ, ಮೊಮ್ಮಕ್ಕಳು ಹಸನ್ ಹುಸೇನ್. ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರು. ಮೇಲೆ 'ಸರ್ಕಾರ್-ಎ-ಖುದಾದಾದ್', ಅಂದರೆ ದೇವರು ಕೊಟ್ಟ ಸರ್ಕಾರ. ಕೆಳಗೆ 'ಅಲ್ಲಾ ಕಾಫಿ', ದೇವರು ಸಾಕು. ಶಿಯಾ ಸುನ್ನಿ ಎರಡೂ ಕಡೆಯವರ ಪೂಜ್ಯರು ಒಂದೇ ರಟ್ಟಿನ ಮೇಲೆ ಕೂತಿರುವುದನ್ನು ಗಮನಿಸಿ. ಇಂದಿಗೂ ಹಸ್ತಪ್ರತಿ ತಜ್ಞರು ಪುಸ್ತಕದ ಒಳಗೆ ಇಣುಕುವ ಮೊದಲೇ ಇದು ಟಿಪ್ಪುವಿನದು ಎಂದು ಗುರುತು ಹಿಡಿಯುವುದು ಈ ರಟ್ಟಿನಿಂದಲೇ.

ಎರಡನೆಯದಾಗಿ, ಬರೆಸಿದ. ಅವನ ಆಶ್ರಯದಲ್ಲಿ ಅಥವಾ ಅವನ ಕಣ್ಣೆದುರಿನಲ್ಲಿ ರಚನೆಯಾದ, ಬೇರೆ ಭಾಷೆಯಿಂದ ಅನುವಾದವಾದ ಪುಸ್ತಕಗಳನ್ನು ಸ್ಟುವರ್ಟ್ 45 ಎಂದು ಲೆಕ್ಕ ಹಾಕುತ್ತಾನೆ. ಜೈನುಲ್ ಆಬಿದೀನ್ ಶೂಸ್ತರಿ ಬರೆದ 'ಫತಹುಲ್ ಮುಜಾಹಿದೀನ್' ಸೈನ್ಯದ ಕೈಪಿಡಿ; ಅದರ ಪ್ರತಿಗಳನ್ನು ಮಾಡಿಸಿ ಅಧಿಕಾರಿಗಳಿಗೆ ಹಂಚಲಾಗಿತ್ತು. ಹಸನ್ ಅಲಿ ಇಜ್ಜತ್ ಬರೆದ 'ಮುಫರ್ರಿಹುಲ್ ಕುಲೂಬ್' ಸಂಗೀತದ್ದು. ಅಕ್ಷರ ಬರೆಯುವ ಹೊಸ ಶೈಲಿಯೊಂದನ್ನು ಹುಟ್ಟುಹಾಕಿ ಅದರ ಮೇಲೂ ಒಂದು ಪುಸ್ತಕ ಬರೆಸಿದ. ಯುರೋಪಿನ ವೈದ್ಯದ, ವಿಜ್ಞಾನದ ಪುಸ್ತಕಗಳು ಪರ್ಷಿಯನ್ನಿಗೆ ಬಂದವು. ಅವನಿಗೆ ಒಂದು ವಿಚಿತ್ರ ಚಟವಿತ್ತು, ಕೈಗೆ ಸಿಕ್ಕದ್ದಕ್ಕೆಲ್ಲ ಹೊಸ ಹೆಸರಿಡುವುದು. ತಿಂಗಳಿಗೆ, ವರ್ಷಕ್ಕೆ, ತೂಕಕ್ಕೆ, ನಾಣ್ಯಕ್ಕೆ, ಊರಿಗೆ, ಕೋಟೆಗೆ. ನಿಘಂಟು ಓದುವ ಹುಚ್ಚಿರುವವರಿಗೆ ಮಾತ್ರ ಇಂಥ ಚಟ ಅಂಟಿಕೊಳ್ಳುತ್ತದೆ. ಅವನ ಭಂಡಾರದಲ್ಲಿ ನಿಘಂಟುಗಳೇ 29 ಇದ್ದವು.

ಅಪ್ಪ ಹೈದರ್ ಅಲಿಗೆ ಓದು ಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಕಲಿತು ಅದನ್ನೂ ತಲೆಕೆಳಗಾಗಿ ಬರೆದು ಸಹಿ ಮಾಡುತ್ತಿದ್ದನಂತೆ. ನೆನಪಿನ ಶಕ್ತಿಯೊಂದರಿಂದಲೇ ರಾಜ್ಯದ ಲೆಕ್ಕ ಇಟ್ಟವನು ಅವನು. ಮಗನಿಗೆ ಮಾತ್ರ ಬಾಲ್ಯದಿಂದಲೇ ಮೌಲ್ವಿಗಳನ್ನಿಟ್ಟು ಪರ್ಷಿಯನ್, ಅರಬ್ಬಿ ಕಲಿಸಿದ. ಒಂದೇ ತಲೆಮಾರಿನಲ್ಲಿ ಆದ ಈ ಜಿಗಿತವನ್ನು ನಮ್ಮ ಸುತ್ತಲೂ ಕಾಣುತ್ತೇವೆ. ಹೆಬ್ಬೆಟ್ಟು ಒತ್ತಿ ಗೇಣಿ ಚೀಟಿ ಪಡೆದವರ ಮಕ್ಕಳು ಪಿಎಚ್‌.ಡಿ. ಮಾಡಿದ್ದಾರೆ. ಅಂಥ ಮಕ್ಕಳಿಗೆ ಅಕ್ಷರದ ಮೇಲೆ ಇರುವ ಮೋಹ ತುಸು ಹೆಚ್ಚೇ. ಎಲ್ಲವನ್ನೂ ಬರೆದಿಡಬೇಕು, ಎಲ್ಲಕ್ಕೂ ನಿಯಮ ಇರಬೇಕು.

ಟಿಪ್ಪುವಿನ ಪತ್ರಗಳನ್ನು ಓದಿದರೆ ಈ ಸ್ವಭಾವ ಎದ್ದು ಕಾಣುತ್ತದೆ. ಅವುಗಳನ್ನು ಅನುವಾದಿಸಿ 1811ರಲ್ಲಿ ಪ್ರಕಟಿಸಿದವನು ವಿಲಿಯಂ ಕಿರ್ಕ್‌ಪ್ಯಾಟ್ರಿಕ್. ಟಿಪ್ಪುವನ್ನು ಕಂಡರಾಗದವನು, ಅಡಿಗಡಿಗೆ ಬಯ್ಯುತ್ತಲೇ ಅನುವಾದ ಮಾಡಿದವನು. ಆ ಪತ್ರಗಳಲ್ಲಿ ನಮ್ಮ ಊರೂ ಇದೆ. ತುಳುವರ ಕುಡ್ಲ, ಬ್ಯಾರಿಗಳ ಮೈಕಾಲ, ಕೊಂಕಣಿಗರ ಕೊಡಿಯಾಲ ಆ ಕಾಲದ ದಾಖಲೆಗಳಲ್ಲಿ ಕೊಡಿಯಾಲ್ ಬಂದರ್. ಇಲ್ಲಿಂದ ಮಸ್ಕತ್ತಿಗೆ ಅಕ್ಕಿ ಹೋಗುತ್ತಿತ್ತು, ಅಲ್ಲಿ ಮೈಸೂರು ಸರ್ಕಾರದ ಕೋಠಿಯಿತ್ತು. ಕೋಠಿಯ ದರೋಗನಿಗೆ ಟಿಪ್ಪು ಬರೆಯುತ್ತಾನೆ: ರೇಷ್ಮೆ ಹುಳು ಕಳಿಸು, ಸಾಕಬಲ್ಲವರನ್ನೂ ಕಳಿಸು, ಖರ್ಜೂರದ ಸಸಿ ಕಳಿಸು, ಮುತ್ತು ತೆಗೆಯುವ ಮುಳುಗುಗಾರರನ್ನು ಎಷ್ಟು ಖರ್ಚಾದರೂ ಸರಿ ಕಳಿಸು. ನಮ್ಮ ಕಡಲಿನಲ್ಲಿ ಮರುವಾಯಿ ಹೆಕ್ಕುವವರು ಇದ್ದರೇ ಹೊರತು ಮುತ್ತು ಹೆಕ್ಕುವವರು ಇರಲಿಲ್ಲ. 1796ರ ನೌಕಾಪಡೆಯ ನಿಯಮಾವಳಿಯಂತೂ ಒಬ್ಬ ಓದುಬಡಕ ಕಟ್ಟಿದ ಕನಸು. ಇಪ್ಪತ್ತು ದೊಡ್ಡ ಯುದ್ಧನೌಕೆ, ಇಪ್ಪತ್ತು ಫ್ರಿಗೇಟ್, ಒಟ್ಟು 40. ಮಂಗಳೂರು ಸೇರಿ ಮೂರು ಬಂದರುಗಳಲ್ಲಿ ಕಟ್ಟಬೇಕು. ಅಧಿಕಾರಿಗಳ ಪದವಿಗೊಂದು ಹೆಸರು, ಸಂಬಳಕ್ಕೊಂದು ದರ, ಮರದ ಆಯ್ಕೆಗೊಂದು ವಿಧಿ. ಕಾಗದದ ಮೇಲೆ ಆ ಪಡೆ ಪರಿಪೂರ್ಣವಾಗಿತ್ತು. ಮೂರು ವರ್ಷದೊಳಗೆ ರಾಜ್ಯವೇ ಹೋಯಿತು.

ಓದುಗ ಟಿಪ್ಪುವಿನ ಅತ್ಯಂತ ಖಾಸಗಿ ಪುಸ್ತಕ ಅವನೇ ಬರೆದದ್ದು. ಅರಮನೆಯಲ್ಲಿ ಅವನ ಗುಟ್ಟಿನ ಕಾಗದಪತ್ರಗಳ ನಡುವೆ ಕಿರ್ಕ್‌ಪ್ಯಾಟ್ರಿಕ್‌ಗೆ ಸಿಕ್ಕಿದ ಚಿಕ್ಕ ಹೊತ್ತಿಗೆ ಅದು. ಪರ್ಷಿಯನ್ನಿನಲ್ಲಿ ತನ್ನ ಕೈಬರಹದಲ್ಲಿ ದಾಖಲಿಸಿದ 37 ಕನಸುಗಳು. ಟಿಪ್ಪುವಿನ ಮುನ್ಶಿ ಹಬೀಬುಲ್ಲಾಗೆ ಇಂಥದೊಂದು ಇದೆಯೆಂದು ಗೊತ್ತಿತ್ತು, ನೋಡಿರಲಿಲ್ಲ. ಓದುವಾಗಲೋ ಬರೆಯುವಾಗಲೋ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಅದನ್ನು ಬಚ್ಚಿಡುತ್ತಿದ್ದನಂತೆ. 1785ರಿಂದ 1799ರ ಆರಂಭದವರೆಗಿನ ಕನಸುಗಳಿವೆ. ಮರಾಠರ ಮೇಲೆ ರಾತ್ರಿ ದಾಳಿ ಮಾಡುವ ಮುನ್ನ ಬಿದ್ದ ಕನಸಿನಲ್ಲಿ ಸುಂದರನಾದ ಯುವಕನೊಬ್ಬ ಬಂದು ಪಕ್ಕದಲ್ಲಿ ಕೂರುತ್ತಾನೆ. ಮಾತಾಡಿಸುತ್ತಾ ಹೋದರೆ ಅವನು ಗಂಡು ವೇಷದ ಹೆಣ್ಣು. ಎದ್ದು ಟಿಪ್ಪು ಅರ್ಥ ಬರೆದುಕೊಳ್ಳುತ್ತಾನೆ: ಎದುರಾಳಿಗಳು ಗಂಡು ಉಡುಪಿನಲ್ಲಿದ್ದಾರೆ ಅಷ್ಟೆ. ಇದನ್ನು ಓದಿ ನಗಬಹುದು. ಬೆಳಗಾಗೆದ್ದು ಕನಸನ್ನು ತೇದಿ ಹಾಕಿ ಬರೆಯುವ ಅಭ್ಯಾಸ ಹದಿಮೂರು ವರ್ಷ ಬಿಡದೆ ಉಳಿದದ್ದು ಮಾತ್ರ ನಗುವ ವಿಷಯವಲ್ಲ. ಈ ಹೊತ್ತಿಗೆಯ ಬಗ್ಗೆ ಗಿರೀಶ ಕಾರ್ನಾಡರ ಗಮನ ಸೆಳೆದವರು ಎ.ಕೆ. ರಾಮಾನುಜನ್; ಅದರಿಂದ 'ಟಿಪ್ಪು ಸುಲ್ತಾನ ಕಂಡ ಕನಸು' ನಾಟಕ ಹುಟ್ಟಿತು.

ಇಷ್ಟಾಯಿತು. ಇನ್ನು ಈ ಭಂಡಾರದಲ್ಲಿ ಏನಿರಲಿಲ್ಲ ಎಂಬುದಕ್ಕೆ ಬರಬೇಕು. ಸ್ಟುವರ್ಟನ ಪಟ್ಟಿಯಲ್ಲಿ ತುರ್ಕಿ ಗದ್ಯಕ್ಕೂ ಒಂದು ವಿಭಾಗವಿದೆ, ಎರಡೇ ಎರಡು ಪುಸ್ತಕ. ಕನ್ನಡಕ್ಕೆ ಇಲ್ಲ. ಪಟ್ಟಿ ಮಾಡಿದವನು ಪರ್ಷಿಯನ್ ಪಂಡಿತ, ಅವನ ಗಮನವೆಲ್ಲ ಆ ಕಡೆಗೇ ಇತ್ತು ಎನ್ನಬಹುದು. ಆದರೆ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಹೇಳುವ ಒಂದು ಪ್ರಸಂಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 1796ರಲ್ಲಿ ಒಡೆಯರ ಅರಮನೆಯನ್ನು ಬರಿದು ಮಾಡುವಾಗ ಓಲೆಗರಿ ಮತ್ತು ಕಡತಗಳು ತುಂಬಿದ ಕೋಣೆಗಳು ಸಿಕ್ಕವು. ಏನು ಮಾಡಬೇಕೆಂದು ಕೇಳಿದ್ದಕ್ಕೆ, ಲಾಯಕ್ಕೆ ಒಯ್ದು ಕುದುರೆಗಳ ಹುರುಳಿ ಬೇಯಿಸಲು ಉರಿಸಿ ಎಂದು ಅಪ್ಪಣೆಯಾಯಿತು. ತೀರಿಕೊಂಡ ಅರಸರ ಸೇವಕನೊಬ್ಬ ಬೇಡಿಕೊಂಡು ಒಂದಿಷ್ಟನ್ನು ಉಳಿಸಿಕೊಂಡನಂತೆ; ವಿಲ್ಕ್ಸ್‌ಗೆ ದೊರೆತ ಅರಸುಮನೆತನದ ಚರಿತ್ರೆ ಹೀಗೆ ಉಳಿದವುಗಳಲ್ಲಿ ಒಂದು. ವಿಲ್ಕ್ಸ್ ಗೆದ್ದ ಪಕ್ಷದವನು, ಟಿಪ್ಪುವಿನ ಮೇಲೆ ಎಷ್ಟು ಮಸಿ ಬಿದ್ದರೂ ಅವನಿಗೆ ಬೇಸರವಿಲ್ಲ. ಆದ್ದರಿಂದ ಅಪ್ಪಣೆಯ ಮಾತುಗಳು ಹೀಗೆಯೇ ಇದ್ದವೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಅದೇ ಟಿಪ್ಪುವಿನ ಆಸ್ಥಾನದಲ್ಲಿ 1798ರಲ್ಲಿ ಮೈಸೂರು ಅರಸರ ವಂಶಾವಳಿಯನ್ನು ಕನ್ನಡದಿಂದ ಪರ್ಷಿಯನ್ನಿಗೆ ಅನುವಾದಿಸಲಾಯಿತು ಎಂಬುದೂ ವಿಲ್ಕ್ಸ್ ಕೊಡುವ ಮಾಹಿತಿಯೇ. ಕನ್ನಡದ ಗ್ರಂಥ ಬೇಕಾದರೂ ಅದು ಪರ್ಷಿಯನ್ ಆಗಿ ಬುಟ್ಟಿ ಸೇರಬೇಕಿತ್ತು. ಕವಿತೆಯ 190 ಪುಸ್ತಕಗಳಿದ್ದ ಮನೆಯಲ್ಲಿ, ಸುತ್ತಲಿನ ಜನ ಆಡುವ ನುಡಿಯ ಓಲೆಗರಿ ಸೌದೆಯೂ ಆಗಬಹುದಿತ್ತು.

ಟಿಪ್ಪುವಿಗೆ ಕನ್ನಡ ಬರುತ್ತಿರಲಿಲ್ಲ ಎಂದೇನಲ್ಲ. 1791ರಲ್ಲಿ ಮರಾಠರ ಪಿಂಡಾರಿಗಳು ಶೃಂಗೇರಿಯನ್ನು ಸುಲಿದ ಮೇಲೆ ಅವನು ಜಗದ್ಗುರುಗಳಿಗೆ ಬರೆಸಿದ ಪತ್ರಗಳು ಕನ್ನಡದಲ್ಲೇ ಇವೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಕಂಡ ಆ ಮೂವತ್ತರಷ್ಟು ಪತ್ರಗಳಲ್ಲಿ ಗೌರವದ ಮಾತು, ಕಾಣಿಕೆಯ ಮಾತು, ಶತ್ರುನಾಶಕ್ಕೆ ಜಪತಪ ಮಾಡಿಸಿ ಎಂಬ ಕೋರಿಕೆ ಎಲ್ಲ ಇವೆ. ಕನ್ನಡ ಅವನಿಗೆ ವ್ಯವಹಾರದ ಭಾಷೆ, ಪ್ರಜೆಗಳೊಂದಿಗೆ ಮಾತಾಡುವ ಭಾಷೆ. ಪುಸ್ತಕದ ಭಾಷೆ ಪರ್ಷಿಯನ್. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಸೊಪ್ಪು ತರಕಾರಿ ಕೊಳ್ಳುವ ನಾವು ಇದನ್ನು ದೊಡ್ಡ ಅಪರಾಧ ಎನ್ನುವ ಮುನ್ನ ನಮ್ಮ ಕಪಾಟುಗಳನ್ನು ಒಮ್ಮೆ ನೋಡಿಕೊಳ್ಳಬಹುದು.

ಪುಸ್ತಕಗಳ ಮುಂದಿನ ಪಯಣ ಶುರುವಾದದ್ದು ಗೆದ್ದವರ ಪುಸ್ತಕಪ್ರೀತಿಯಿಂದ. ಶ್ರೀರಂಗಪಟ್ಟಣದ ಉಸ್ತುವಾರಿ ಹೊತ್ತ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು, ಭಾರತಕ್ಕೆ ಹಡಗು ಹತ್ತುವ ಮುನ್ನ ಲಂಡನ್ನಿನಲ್ಲಿ ಪೆಟ್ಟಿಗೆಗಟ್ಟಲೆ ಪುಸ್ತಕ ಕೊಂಡಿದ್ದ. ಅದರಲ್ಲಿ ಪರ್ಷಿಯನ್ ವ್ಯಾಕರಣವೂ ಇತ್ತು. ಅವನ ಅಣ್ಣ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಕಂಪನಿಯ ಎಳೆಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಅದರ ಸ್ಥಾಪನೆಯ ತೇದಿಯನ್ನು ಬೇಕೆಂದೇ ಹಿಂದಕ್ಕೆ ಸರಿಸಿ 1800ರ ಮೇ 4 ಎಂದು ಬರೆಸಿದ, ಟಿಪ್ಪು ಸತ್ತು ವರ್ಷ ತುಂಬಿದ ದಿನ. ವೈದಿಕರು ವರ್ಷಾಂತಿಕ ಎನ್ನುವುದನ್ನು ಲಾಟ್ ಸಾಹೇಬರು ಹೀಗೆ ಆಚರಿಸಿದರು. ಕಾಲೇಜಿನ ಗ್ರಂಥಾಲಯದ ಬುನಾದಿ ಶ್ರೀರಂಗಪಟ್ಟಣದ ಬುಟ್ಟಿಗಳು. ಕೆಲವನ್ನು ಏಷ್ಯಾಟಿಕ್ ಸೊಸೈಟಿಗೆ, ಕೆಲವನ್ನು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗೆ ಕೊಟ್ಟರು. ಒಂದು ಕುರಾನ್ ವಿಂಡ್ಸರ್ ಅರಮನೆಯ ಗ್ರಂಥಾಲಯಕ್ಕೆ ಸೇರಿತು. ಕನಸಿನ ಹೊತ್ತಿಗೆಯನ್ನು 1800ರಲ್ಲಿ ಕಂಪನಿಯ ಅಧಿಕಾರಿ ಅಲೆಕ್ಸಾಂಡರ್ ಬೀಟ್‌ಸನ್ ಲಂಡನ್ನಿಗೆ ಒಯ್ದು ಕಂಪನಿಯ ನಿರ್ದೇಶಕರಿಗೆ ಒಪ್ಪಿಸಿದ. ಕಾಲೇಜು ಕಳೆಗುಂದಿದ ಮೇಲೆ ಅಲ್ಲಿದ್ದವೂ ಏಷ್ಯಾಟಿಕ್ ಸೊಸೈಟಿಗೂ ಲಂಡನ್ನಿಗೂ ಹಂಚಿಹೋದವು. ಈಗ ಅವುಗಳನ್ನು ನೋಡಬೇಕೆಂದರೆ ಸೊಸೈಟಿಯಿರುವ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿಗೋ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೋ ಹೋಗಬೇಕು.

ಹೀಗೆ ಹೋದದ್ದು ಇದೊಂದೇ ಅಲ್ಲ. ಬಿಜಾಪುರದ ಅಸರ್ ಮಹಲಿನಲ್ಲಿ ಔರಂಗಜೇಬನ ಕಣ್ಣು ತಪ್ಪಿಸಿ ಉಳಿದಿದ್ದ ಆದಿಲ್‌ಶಾಹಿ ಪುಸ್ತಕಗಳಲ್ಲಿ 434 ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿನ ಹಡಗು ಹತ್ತಿದವು. ಬಿಜಾಪುರದ ಪುಸ್ತಕಗಳು ಎರಡು ಬೇರೆ ಬೇರೆ ದಾರಿ ಹಿಡಿದು, ಐವತ್ತು ವರ್ಷಗಳ ಅಂತರದಲ್ಲಿ, ಕೊನೆಗೆ ಒಂದೇ ಸೂರಿನಡಿ ಸೇರಿದವು. ಕನ್ನಡದ ಕೈಫಿಯತ್ತುಗಳನ್ನು, ಓಲೆಗರಿಗಳನ್ನು ಕೂಡಿಸಿದವನು ಇನ್ನೊಬ್ಬ ಸೈನಿಕ, ಕಾಲಿನ್ ಮೆಕೆಂಜಿ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿದ್ದವನು. ಆಮೇಲೆ ಮೈಸೂರು ಸೀಮೆಯ ಸರ್ವೆ ಮಾಡುತ್ತಾ ಊರೂರಿನ ಶಾನುಭೋಗರಿಂದ, ಜೈನ ಪಂಡಿತರಿಂದ ಬರೆಸಿಕೊಂಡ. ಕಾರ್ನಾಡರ ನಾಟಕದಲ್ಲಿ ಅವನೂ ಒಂದು ಪಾತ್ರ.

ಇದೆಲ್ಲದರ ನಡುವೆ ಬೇರೊಂದು ಎಳೆ ನನಗೆ ಕುತೂಹಲದ್ದು. ಟಿಪ್ಪುವಿನ ಪುಸ್ತಕಗಳಿಂದ ಶುರುವಾದ ಆ ಫೋರ್ಟ್ ವಿಲಿಯಂ ಕಾಲೇಜಿನಲ್ಲಿಯೇ ಪಾಠ ಹೇಳುತ್ತಿದ್ದ ವಿಲಿಯಂ ಕ್ಯಾರಿ 1817ರಲ್ಲಿ ಸೇರಾಂಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ. ಇನ್ನೊಂದು ಹದಿನೇಳು ವರ್ಷಕ್ಕೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು, 1834. ಕಲ್ಲಚ್ಚಿನ ಮುದ್ರಣಾಲಯ 1841. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ 'ಮಂಗಳೂರ ಸಮಾಚಾರ' ಹೊರಬಂತು. ಮುಂದೆ ಇದೇ ಮೋಗ್ಲಿಂಗ್ ಓಲೆಗರಿಗಳಲ್ಲಿದ್ದ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿಗೆ ಏರಿಸಿದ. 1894ರಲ್ಲಿ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲೇ ಅಚ್ಚಾಯಿತು. ಒಬ್ಬ ಸುಲ್ತಾನನ ಬಳಿ 29 ನಿಘಂಟುಗಳಿದ್ದ ನಾಡಿನಲ್ಲಿ, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದಾದ ಕನ್ನಡದ ಮಹಾನಿಘಂಟು ಬರಲು ಅವನು ಸತ್ತು ತೊಂಬತ್ತೈದು ವರ್ಷ ಬೇಕಾಯಿತು. ಅದು ಬಂದದ್ದು ಬತ್ತೇರಿಯಿಂದ ಕೂಗಳತೆಯಲ್ಲಿ ಎನ್ನಬಹುದಾದ ಬಲ್ಮಠದ ಅಚ್ಚುಕೂಟದಿಂದ.

ಆಮೇಲೆ ಈ ಕರಾವಳಿಯಲ್ಲಿ ಸೇನೆಯಿಲ್ಲದ ಪುಸ್ತಕಸಂಗ್ರಾಹಕರು ಹುಟ್ಟಿಕೊಂಡರು. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರ ಶಿಷ್ಯರಾಗಿ ಓದಿದ ಗೋವಿಂದ ಪೈಗಳು ಮಂಜೇಶ್ವರದ ಮನೆಯಲ್ಲಿ ಕೂತು ಅಂಚೆಯಲ್ಲಿ ಪುಸ್ತಕ ತರಿಸಿ ಹತ್ತಾರು ಭಾಷೆ ಕಲಿತರು. ಅವರು 1963ರಲ್ಲಿ ತೀರಿಕೊಂಡ ಮೇಲೆ ಆ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು, ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿದೆ. ಮಂಜೇಶ್ವರದಿಂದ ಉಡುಪಿ, ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿ. ಪುಸ್ತಕಗಳು ಇಷ್ಟೇ ದೂರ ಹೋದದ್ದು ನಮ್ಮ ಚರಿತ್ರೆಯಲ್ಲಿ ಅಪರೂಪ.

ಶ್ರೀರಂಗಪಟ್ಟಣದ ರಟ್ಟಿಗೆ ಮರಳಿದರೆ, ಬಿಜಾಪುರದಿಂದ ಹೊರಟ ಪುಸ್ತಕವೊಂದು ಈಗ ಹೇಗಿದ್ದೀತು ಎಂದು ಲೆಕ್ಕ ಹಾಕಬಹುದು. ಒಳಹಾಳೆಯಲ್ಲಿ ಮೊದಲ ಒಡೆಯನ ಮೊಹರು. ಅದರ ಮೇಲೆ ಸುಲಿದು ತಂದವನ ತೊಗಲಿನ ಹೊದಿಕೆ, ನಾಲ್ಕು ಮೂಲೆಗೆ ನಾಲ್ವರು ಖಲೀಫರು. ಮೊದಲ ಪುಟದಲ್ಲಿ ಕಾಲೇಜಿನ ಗುರುತು, ಪಕ್ಕದಲ್ಲಿ ಲಂಡನ್ನಿನ ಕಚೇರಿಯ ಠಸ್ಸೆ, ಬೆನ್ನಿಗೆ ಕಪಾಟಿನ ನಂಬರು. ಬಂದವರೆಲ್ಲ ತಮ್ಮ ಗುರುತು ಒತ್ತಿದರು, ಹಿಂದಿನವರದನ್ನು ಕೆರೆದು ತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಎಲ್ಲಕ್ಕೂ ಕೆಳಗೆ, ರಟ್ಟಿನ ಅಂಚಿನಲ್ಲಿ, ಇನ್ನೂ ಓದಬಹುದಾದ ಎರಡು ಪದ: ಅಲ್ಲಾ ಕಾಫಿ.